ಹಿತ್ತಲ ಮನೆಗೆ ಬಾರದ ಒಲೆ

ನನ್ನ ಕೋಣೆಯ ಗೋಡೆಯಲ್ಲಿ, ನೆಲದಿಂದ ಮೊಣಕಾಲಿನ ಎತ್ತರಕ್ಕೆ, ಒಂದು ಕರಿ ಪೈಪಿನ ತುದಿ ಹೊರಗೆ ಚಾಚಿಕೊಂಡಿದೆ. ಅದರ ಬಾಯಿಗೆ ಮುಚ್ಚಳ ಬಿಗಿದಿದ್ದಾರೆ. ಹೋದ ಚಳಿಗಾಲದಲ್ಲಿ ನಿಮ್ಮಿಬ್ಬರಲ್ಲಿ ಚಿಕ್ಕವನು ತನ್ನ ಉಣ್ಣೆಯ ಟೋಪಿಯನ್ನು ಅದಕ್ಕೆ ಸಿಕ್ಕಿಸಿ, “ಅಜ್ಜಿ, ವಾಟ್ ಈಸ್ ದಿಸ್ ಫಾರ್?” ಎಂದು ಕೇಳಿದ.

“ನಿನ್ನ ಟೊಪ್ಪಿಗಿ ಇಡಾಕ,” ಎಂದೆ.

ಅವನು ನಂಬಿದ. ದೊಡ್ಡವಳು ನಂಬಲಿಲ್ಲ. ಪೈಪಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ನನಗೆ ಬಾಯಿಬಿಟ್ಟು ಹೇಳಲು ಯಾವಾಗಲೂ ಸಂಕೋಚ. ನಾಲ್ಕು ಜನರ ನಡುವೆ ನನ್ನ ಸರದಿ ಬರುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಈ ಅಕ್ಷರ ಓದಲು ಬರುವವರೆಗೆ ನಿಮ್ಮ ಅವ್ವ ಓದಿ ಹೇಳಲಿ. ಅವಳ ವಿಷಯವೂ ಇದರಲ್ಲಿದೆ. ಓದುವಾಗ ಅದನ್ನು ಬಿಟ್ಟು ಮುಂದೆ ಹೋಗಬಾರದು.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ, 2015ರಲ್ಲಿ, ನಾನು ಊರು ಬಿಟ್ಟು ಈ ಪರದೇಶಕ್ಕೆ, ಸ್ಟ್ರೀಟ್ಸ್‌ವಿಲ್ಲಿನ ಈ ಮನೆಗೆ ಬಂದೆ. ನಿಮ್ಮ ಅವ್ವ ನನ್ನ ಒಬ್ಬಳೇ ಮಗಳು. ನಿಮ್ಮ ಅಪ್ಪ ಉಡುಪಿಯ ಕಡೆಯವರು, ಮನೆಮಾತು ತುಳು. ಅವರ ಮದುವೆಗೆ ನಮ್ಮ ಧಾರವಾಡದ ಕಡೆಯ ನೆಂಟರು ಅರ್ಧದಷ್ಟೂ ಬಂದಿರಲಿಲ್ಲ. ಬಂದವರಲ್ಲಿ ನನ್ನ ತಮ್ಮನೂ ಒಬ್ಬ. ನಾನು ಇಲ್ಲಿಗೆ ಹೊರಟ ದಿನ ಅವನು ಹೇಳಿದ: “ಹೋಗಿ ಬಾ ಅಕ್ಕಾ. ಆದ್ರ ಮಗಳ ಮನಿ ಕೂಳಿಗೆ ಬಿದ್ಲು ಅಂತ ಅನ್ನಿಸ್ಕೋಬ್ಯಾಡ.”

ಈ ಮಾತು ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ತಾಯಿಯಾದವಳು ಕೊಟ್ಟ ಮಗಳ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಬರಬಹುದು, ಮಗಳನ್ನು ನೋಡಬಹುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಅಲ್ಲಿಯ ಅನ್ನ ಮಾತ್ರ ಮುಟ್ಟಬಾರದು. ನನ್ನ ಅವ್ವ ನನ್ನನ್ನು ನೋಡಲು ನಡೆದುಕೊಂಡು ಬರುತ್ತಿದ್ದಳು. ಬರುವಾಗ ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿಕೊಂಡಿರುತ್ತಿದ್ದಳು. ನಾನು ಒಳಗೆ ಬಿಸಿ ರೊಟ್ಟಿ ಬಡಿಯುತ್ತಿದ್ದರೆ ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ತನ್ನ ಗಂಟು ಬಿಚ್ಚಿ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದಳು. ಒಮ್ಮೆ ನಾನು ಬಿಸಿ ರೊಟ್ಟಿ ತಂದು ಅವಳ ಮುಂದೆ ಹಿಡಿದು ನಿಂತೆ. “ಹುಚ್ಚಿ, ನಿನ್ನ ಅತ್ತಿ ನೋಡ್ತಾಳ. ಒಳಗ ಹೋಗು,” ಎಂದಳು. ಆ ರೊಟ್ಟಿಯನ್ನು ನಾನೇ ತಿಂದೆ. ಅವಳ ಮೇಲೆ ನನಗೆ ಸಿಟ್ಟು ಬಂದಿತ್ತು. ಆದರೂ ನಾನು ತಾಯಿಯಾದ ಮೇಲೆ ಅವಳ ಹಾಗೆಯೇ ನಡೆದೆ.

ಇಲ್ಲಿಗೆ ಬಂದ ಮೇಲೆ ನನಗೆ ಬೇಸ್‌ಮೆಂಟಿನಲ್ಲಿ ಒಂದು ಕೋಣೆ ಕೊಟ್ಟರು. ಹಳೆಯ ಮನೆ, ಅದರ ಮಾಳಿಗೆ ತಗ್ಗು. ಕಿಟಕಿ ಎಷ್ಟು ಸಣ್ಣದೆಂದರೆ ಅದರಲ್ಲಿ ಆಕಾಶ ಕಾಣುತ್ತಿರಲಿಲ್ಲ, ನಡೆದು ಹೋಗುವವರ ಬೂಟುಗಳು ಮಾತ್ರ ಕಾಣುತ್ತಿದ್ದವು. ಬಟ್ಟೆ ಒಗೆಯುವ ಮಷೀನಿನ ಪಕ್ಕದಲ್ಲಿ ಒಂದು ಕರೆಂಟಿನ ಒಲೆ ಇಟ್ಟುಕೊಂಡು ನಾನು ನನ್ನ ಅಡುಗೆ ಮಾಡಿಕೊಳ್ಳುತ್ತಿದ್ದೆ. ಜೋಳದ ಹಿಟ್ಟು ನನಗೆ ಬರುವ ನಿಮ್ಮ ಅಜ್ಜನ ಪಿಂಚಣಿಯ ದುಡ್ಡಿನದು. ನಿಮ್ಮ ಅಪ್ಪ ಮೀನು ತಿನ್ನುವವರಾದ್ದರಿಂದ ಬೇರೆ ಅಡುಗೆಗೆ ಒಳ್ಳೆಯ ನೆವ ಸಿಕ್ಕಿತ್ತು. ಎಲ್ಲರೂ ನಾನು ಮೀನಿನ ವಾಸನೆಗೆ ಕೆಳಗೆ ಇಳಿದಿದ್ದೇನೆ ಎಂದುಕೊಂಡಿದ್ದರು. ನಿಮ್ಮ ಅಪ್ಪನೂ ಹಾಗೆಯೇ ತಿಳಿದಿದ್ದರು. “ಅತ್ತೆ, ಬಂಗುಡೆ ನಿಮ್ಮನ್ನು ಕಚ್ಚುದಿಲ್ಲ ಮಾರಾಯ್ರೆ, ಅದು ಸತ್ತು ಎಷ್ಟೋ ದಿವಸ ಆಯ್ತು,” ಎನ್ನುತ್ತಿದ್ದರು. ನಾನು ನಕ್ಕು ಸೆರಗು ಮೂಗಿಗೆ ಹಿಡಿಯುತ್ತಿದ್ದೆ. ನಿಜ ಗೊತ್ತಿದ್ದದ್ದು ನಿಮ್ಮ ಅವ್ವನಿಗೆ ಮಾತ್ರ. ಅವಳು ಒಂದು ದಿನವೂ ಅದರ ಮಾತು ಎತ್ತಲಿಲ್ಲ. ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು, “ಅವ್ವಾ, ಉಂಡ್ಯಾ?” ಎಂದು ಕೇಳುತ್ತಿದ್ದಳು. “ಬಾ ಉಣ್ಣಾಕ” ಎಂದು ಕರೆಯುತ್ತಿರಲಿಲ್ಲ. ಕರೆದರೆ ನಾನು ಒಲ್ಲೆ ಎನ್ನುತ್ತೇನೆಂದು ಗೊತ್ತಿತ್ತು.

ರೊಟ್ಟಿ ಸ್ವಲ್ಪ ಸೀದರೂ ಮಾಳಿಗೆಗೆ ಹಚ್ಚಿದ ಹೊಗೆಯ ಅಲಾರಾಂ ಮನೆಯೆಲ್ಲ ಕೇಳುವಂತೆ ಕಿರುಚುತ್ತಿತ್ತು. ಆಗ ನಿಮ್ಮ ಅವ್ವ ಟವೆಲ್ ಹಿಡಿದು ಓಡಿ ಬಂದು ಗಾಳಿ ಬೀಸುವಳು. ನೀವಿಬ್ಬರು ಮೇಲೆ ನಿಂತು ಕುಣಿಯುವಿರಿ. ಹೀಗೇ ಒಂದು ಸಲ ಅದು ಕಿರುಚಿದಾಗ ನಾನು ಗಾಬರಿಯಾಗಿ ಮೆಟ್ಟಿಲು ಹತ್ತಲು ಹೋಗಿ ಜಾರಿ ಬಿದ್ದೆ. ಎಲುಬು ಮುರಿಯಲಿಲ್ಲ, ಆದರೆ ಮೊಣಕಾಲು ಬಾತು ಬಹಳ ದಿನ ಮಲಗಿದೆ. ಆಗ ನಿಮ್ಮ ಅವ್ವ ನನ್ನ ಹಾಸಿಗೆಯ ಪಕ್ಕದಲ್ಲಿ ಕೂತು ಹೇಳಿದಳು: “ಇನ್ನ ಈ ಬೇಸ್‌ಮೆಂಟ್ ಬ್ಯಾಡ ಅವ್ವಾ. ಮ್ಯಾಲ ಬಂದು ನಮ್ಮ ಜೋಡಿ ಇರು.”

“ಮ್ಯಾಲ ಬಂದ್ರ ಉಣ್ಣೂದೆಲ್ಲಿ?”

ಅವಳು ನನ್ನ ಹೊದಿಕೆಯ ಅಂಚು ಸರಿಮಾಡಿದಳು.

ನಾನೇ ಹೇಳಿದೆ. “ನನ್ನ ಒಲಿ ನನಗಿದ್ರ ಇರ್ತೀನಿ. ಇಲ್ಲಂದ್ರ ಊರಿಗೆ ಕಳಿಸವ್ವ. ತಮ್ಮನ ಮನ್ಯಾಗ ಒಂದು ಮೂಲಿ ಸಿಗತೈತಿ.”

ತಮ್ಮನ ಹೆಂಡತಿಗೆ ನಾನು ಬರುವುದು ಬೇಕಿರಲಿಲ್ಲ. ಅದು ನನಗೂ ಗೊತ್ತಿತ್ತು, ನಿಮ್ಮ ಅವ್ವನಿಗೂ ಗೊತ್ತಿತ್ತು. ಆದರೂ ನಾನು ಹಾಗೆಯೇ ಅಂದೆ. ಅಂದಿನಿಂದ ಈ ಮನೆಯ ಹಿಂದೆ ಇನ್ನೊಂದು ಮನೆ ಏಳಬೇಕು ಎಂಬ ವಿಚಾರ ಶುರುವಾಯಿತು. ಎದ್ದರೆ ನಾನು ನಿಮ್ಮ ಜೊತೆ ಇರುವುದು, ಏಳದಿದ್ದರೆ ಹೋಗುವುದು.

ಸ್ಟ್ರೀಟ್ಸ್‌ವಿಲ್ಲಿನ ಹಳೆಯ ಬೀದಿಗಳಲ್ಲಿ ಮನೆಗಳ ಮುಂಭಾಗ ಸಣ್ಣದು, ಹಿತ್ತಲು ಉದ್ದ. ನಮ್ಮ ಹಿತ್ತಲಿನ ತುದಿಯಲ್ಲಿ ಮೊದಲಿನವರು ಕಟ್ಟಿದ ಗ್ಯಾರೇಜು ಬೀಳುವಂತಾಗಿತ್ತು. ಅದನ್ನು ಕೆಡವಿ ನನಗೊಂದು ಕೋಣೆ, ಬಚ್ಚಲು, ಅಡುಗೆಗೆ ಒಂದು ಮೂಲೆ ಕಟ್ಟಬೇಕೆಂದು ನಿಮ್ಮ ಅಪ್ಪ ನಗರಸಭೆಗೆ ಹೋಗಿ ಕೇಳಿ ಬಂದರು. ಸಂಜೆ ಊಟದ ಮೇಜಿನ ಮೇಲೆ ಸೈಟಿನ ನಕ್ಷೆ ಹರಡಿ, ನಿಮ್ಮ ಸ್ಕೇಲು ತೆಗೆದುಕೊಂಡು ನನಗೆ ತೋರಿಸಿದರು.

“ನೋಡಿ ಅತ್ತೆ, ಬೇಲಿಯಿಂದ ಇಷ್ಟು ಬಿಡ್ಬೇಕು. ಇದಕ್ಕಿಂತ ಎತ್ತರ ಹೋಗ್ಲಿಕ್ಕಿಲ್ಲ. ಸೈಟಿನಲ್ಲಿ ಇಷ್ಟು ಪಾಲು ಖಾಲಿ ಬಿಡ್ಬೇಕು. ಕಾರು ನಿಲ್ಲಿಸ್ಲಿಕ್ಕೆ ಜಾಗ ಬೇಕು. ಮಾಡಿನ ನೀರು ಪಕ್ಕದವರ ಜಾಗಕ್ಕೆ ಹೋಗ್ಬಾರ್ದು.”

ಕೊನೆಯ ಮಾತು ಕೇಳಿ ನನಗೆ ಧೈರ್ಯ ಬಂತು. “ಇದು ನಮ್ಮೂರಾಗೂ ಐತಿ,” ಎಂದೆ. ನಮ್ಮೂರಿನಲ್ಲಿ ಗೋಡೆ ಏಳುವ ಮೊದಲು ಹಗ್ಗ ಹಿಡಿದು ಅಳೆದು, ಸೂರಿನ ಹನಿ ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದರು. ನಿನ್ನ ಸೂರಿನ ನೀರು ನಿನ್ನ ಅಂಗಳದಲ್ಲೇ ಬೀಳಬೇಕು. ಅದಕ್ಕಾಗಿ ತಲೆ ಒಡೆದುಕೊಂಡವರನ್ನೂ ನೋಡಿದ್ದೇನೆ.

“ಅಲ್ಲಿ ಒಲೆಗೂ ರೂಲು ಉಂಟಾ?” ಎಂದು ನಿಮ್ಮ ಅಪ್ಪ ಕೇಳಿದರು. “ಇಲ್ಲಿ ಉಂಟು. ಹಿತ್ತಲಲ್ಲಿ ಕೋಣೆ ಕಟ್ಟಿ, ಮಂಚ ಹಾಕಿ, ಬಾತ್‌ರೂಮು ಮಾಡಿ, ಅಡ್ಡಿಯಿಲ್ಲ. ಅದು ಕೋಣೆಯೇ. ಒಂದು ಸ್ಟವ್ ಇಟ್ಟಿರಾ, ಮುಗೀತು, ಅದು ಮನೆ. ನಮ್ಮ ಈ ಜಾಗದಲ್ಲಿ ಒಂದೇ ಮನೆ ಇರ್ಲಿಕ್ಕಾಗುದು.”

ಅವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದಾಗ ‘ಹೊಲ ಬೇರೆಯಾಯಿತು’ ಎನ್ನುವುದಿಲ್ಲ, ‘ಒಲಿ ಬ್ಯಾರೆ ಆತು’ ಎನ್ನುತ್ತಾರೆ. ಗೋಡೆ ಒಂದೇ ಇರಬಹುದು, ಬಾಗಿಲು ಒಂದೇ ಇರಬಹುದು. ಎರಡು ಒಲೆಯ ಹೊಗೆ ಎದ್ದ ದಿನವೇ ಊರವರಿಗೆ ಅದು ಎರಡು ಮನೆ. ಸಮುದ್ರ ದಾಟಿ ಬಂದರೂ ಒಲೆಯ ಲೆಕ್ಕ ಬದಲಾಗಲಿಲ್ಲವಲ್ಲ ಎಂದುಕೊಂಡೆ. ನಾನು ಕೇಳುತ್ತಿರುವುದು ಅಡುಗೆಯ ಮೂಲೆಯಲ್ಲ, ಮಗಳಿಂದ ಪಾಲು ಎಂದು ಆಗ ಮೊದಲ ಸಲ ಅನ್ನಿಸಿತು. ಆದರೂ ಬೇಡ ಎನ್ನಲಿಲ್ಲ.

ನಿಮ್ಮ ಅಪ್ಪ ಒಂದು ಉಪಾಯ ಹೇಳಿದರು. ಕಾಗದದಲ್ಲಿ ಬರೀ ಕೋಣೆ ಎಂದು ತೋರಿಸುವುದು. ಗೋಡೆಯೊಳಗೆ ಗ್ಯಾಸಿನ ಪೈಪು ತಂದು ನಿಲ್ಲಿಸುವುದು. ಇನ್ಸ್‌ಪೆಕ್ಷನ್ ಮುಗಿದ ಮೇಲೆ ಸ್ಟವ್ ತಂದು ಕೂಡಿಸುವುದು. “ಎಲ್ಲರೂ ಮಾಡುದು ಹಾಗೆಯೇ. ಯಾರು ನೋಡ್ತಾರೆ?” ನಿಮ್ಮ ಅವ್ವನಿಗೆ ಅದು ಸರಿ ಬರಲಿಲ್ಲ, ಆದರೆ ನನ್ನ ಮೊಣಕಾಲು ನೋಡಿ ಒಪ್ಪಿಕೊಂಡಳು.

ಕೋಣೆ ಎದ್ದಿತು. ಹಂಚಿಲ್ಲದ ಮಾಡು, ದೊಡ್ಡ ಕಿಟಕಿ. ಕಿಟಕಿಯಲ್ಲಿ ಪಕ್ಕದ ಮನೆಯ ಮೇಪಲ್ ಮರ ಪೂರ್ತಿ ಕಾಣುತ್ತಿತ್ತು. ನನಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಎಡವಟ್ಟಾಯಿತು.

ಹೊಸ ಮನೆಯಲ್ಲಿ ಹಾಲು ಉಕ್ಕದೆ ನಾನು ಹಾಸಿಗೆ ಹಾಸುವವಳಲ್ಲ. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನ ನೋಡಿದರೆ ಅದು ಇನ್ಸ್‌ಪೆಕ್ಷನ್ನಿಗಿಂತ ಮೊದಲೇ ಬಂತು. ಅದು ದಾಟಿದರೆ ಮುಂದಿನ ಒಳ್ಳೆಯ ದಿನ ಬಹಳ ದೂರ. ಕರೆಂಟು ಇನ್ನೂ ಕೊಟ್ಟಿರಲಿಲ್ಲ, ಸ್ಟವ್ ತಂದಿರಲಿಲ್ಲ. ನಿಮ್ಮ ಅಪ್ಪ ಕೆಲಸಕ್ಕೆ ಹೋಗಿದ್ದರು. ನಾನು, ನಿಮ್ಮ ಅವ್ವ ಇಬ್ಬರೇ. ಉಳಿದ ಇಟ್ಟಿಗೆಗಳಲ್ಲಿ ಮೂರು ಆರಿಸಿ, ಸ್ಟವ್ ಬರಬೇಕಾದ ಮೂಲೆಯಲ್ಲಿ ಇಟ್ಟು ಒಲೆ ಮಾಡಿದೆವು. ಅರಿಷಿಣ ಕುಂಕುಮ ಹಚ್ಚಿದೆವು. ಮರದಡಿಯಿಂದ ಒಣ ಕಡ್ಡಿ ತಂದು, ಬಾಗಿಲು ಕಿಟಕಿ ಪೂರ್ತಿ ತೆರೆದು, ಸ್ಟೀಲಿನ ಪಾತ್ರೆಯಲ್ಲಿ ಹಾಲಿಟ್ಟೆವು. ಕಡ್ಡಿ ಒಳಗೆ ಇನ್ನೂ ಹಸಿಯಾಗಿದ್ದು ಹೊಗೆ ಬಂತು. ನಿಮ್ಮ ಅವ್ವ ಮೊಣಕಾಲೂರಿ ಕೂತು ಊದಿದಳು. ಅವಳ ಕಣ್ಣಲ್ಲಿ ನೀರು, ಕೆನ್ನೆಗೆ ಬೂದಿ.

“ಅವ್ವಾ, ನನ್ನ ಆಫೀಸಿನವರು ಯಾರರೆ ನೋಡಿದ್ರ ಏನಂದಾರು?”

“ಉಕ್ಕಾಕತ್ತೈತಿ ನೋಡು, ಮಾತಾಡಬ್ಯಾಡ.”

ಹಾಲು ಮೂಡಣದ ಕಡೆಗೇ ಉಕ್ಕಿ ಬಿತ್ತು. ನಾವಿಬ್ಬರೂ ಕೈಮುಗಿದೆವು. ಉಕ್ಕಿದ ಒಲೆಯನ್ನು ಕೂಡಲೇ ಕೀಳಬಾರದು ಎಂದು ನಮ್ಮಲ್ಲಿ ಒಂದು ನಂಬಿಕೆ. ಹಾಗೆಯೇ ಬಿಟ್ಟೆವು.

ಇನ್ಸ್‌ಪೆಕ್ಟರು ಹೇಳಿದ ದಿನಕ್ಕಿಂತ ಮೊದಲೇ ಬಂದರು. ಅವರು ಹರೆಯದ ಹೆಣ್ಣುಮಗಳು. ದಪ್ಪ ಬೂಟು, ತಲೆಗೆ ಬಿಳಿ ಟೊಪ್ಪಿಗೆ, ಮಾತು ಮೆತ್ತಗೆ. ಬಾಗಿಲು ನೋಡಿದರು, ಬಚ್ಚಲು ನೋಡಿದರು, ಸರಿಯಿದೆ ಸರಿಯಿದೆ ಎನ್ನುತ್ತ ಮೂಲೆಗೆ ಬಂದು ನಿಂತರು. ಮೂರು ಇಟ್ಟಿಗೆ, ನಡುವೆ ಬೂದಿ, ಗೋಡೆಗೆ ಮಸಿ, ನೆಲದ ಮೇಲೆ ಕರಿಕಾದ ಹಾಲಿನ ಕಲೆ. ಆ ಮಸಿಯ ಪಕ್ಕದಲ್ಲೇ ಪೈಪು.

“ಸಮ್‌ಒನ್ ಈಸ್ ಕುಕಿಂಗ್ ಹಿಯರ್?”

ನಿಮ್ಮ ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಅವರು ಇಟ್ಟಿಗೆ, ಹಾಲಿನ ಕಲೆ ನೋಡಿ ನನ್ನನ್ನು ನೋಡಿದರು. ನಾನು ಬಾಗಿಲ ಹಿಂದೆ ಸರಿದೆ. ಅವರು, “ನೋ, ನೋ, ಮಿಲ್ಕ್. ರಿಲಿಜಿಯಸ್. ಒನ್ ಟೈಮ್ ಓನ್ಲಿ,” ಎಂದರು. ಆಕೆ ನಗಲಿಲ್ಲ, ಬೈಯಲೂ ಇಲ್ಲ. ಕೋಣೆಯೊಳಗೆ ನೆಲದ ಮೇಲೆ ಬೆಂಕಿ ಹಾಕುವುದು ಎಷ್ಟು ಅಪಾಯ ಎಂದು ಮೊದಲು ಹೇಳಿದರು. ಆಮೇಲೆ ಬೆರಳು ಪೈಪಿನ ಕಡೆ ಹೋಯಿತು. “ಅಂಡ್ ದಿಸ್?”

ಹಾಲಿಗೆ ದೇವರ ಹೆಸರು ಹೇಳಬಹುದು, ಪೈಪಿಗೆ ಏನು ಹೇಳುವುದು?

ಎರಡು ದಾರಿ ಉಳಿದವು. ಪೈಪಿನ ಬಾಯಿ ಕಟ್ಟಿ, ಇಲ್ಲಿ ಎಂದೂ ಅಡುಗೆ ಮಾಡುವುದಿಲ್ಲ ಎಂದು ಸಹಿ ಹಾಕುವುದು. ಇಲ್ಲವೆ ಇದು ಎರಡನೆಯ ಮನೆ ಎಂದು ಒಪ್ಪಿಕೊಂಡು, ನಗರಸಭೆಯ ಸಮಿತಿಯ ಮುಂದೆ ನಿಂತು ಅದಕ್ಕೆ ಅನುಮತಿ ಬೇಡುವುದು. ಸಹಿ ಹಾಕಿ ಆಮೇಲೆ ನೋಡಿಕೊಂಡರಾಯಿತು ಎಂದು ನಿಮ್ಮ ಅಪ್ಪನ ವಿಚಾರವಿತ್ತು. ನಿಮ್ಮ ಅವ್ವ ತಡೆದಳು. “ಕದ್ದು ಮಾಡೂದು ಸಾಕು. ನಮ್ಮವ್ವ ಕದ್ದು ಯಾಕ ರೊಟ್ಟಿ ಬಡೀಬೇಕು? ಸೀದಾ ಹೋಗಿ ಕೇಳೂಣು.”

ಸಮಿತಿಗೆ ಹೋಗುವ ಮನೆಯ ಮುಂದೆ ಒಂದು ಫಲಕ ನೆಡಬೇಕು. ಈ ಮನೆಯವರು ಇಂಥದ್ದನ್ನು ಕೇಳುತ್ತಿದ್ದಾರೆ, ಆಕ್ಷೇಪಣೆ ಇದ್ದವರು ಬನ್ನಿ ಎಂದು ಅದರಲ್ಲಿ ಬರೆದಿರುತ್ತದೆ. ಬೀದಿಯಲ್ಲಿ ನಾಯಿ ಹಿಡಿದು ಹೋಗುವವರೆಲ್ಲ ನಿಂತು ಓದುವರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಮ್ಮ ಮನೆಯ ಒಲೆ ಎರಡಾಗುವ ಸುದ್ದಿಯನ್ನು ಹಲಗೆಗೆ ಬರೆದು ನೆಟ್ಟ ಹಾಗಾಯಿತು. ಒಂದು ಬೆಳಿಗ್ಗೆ ಚೆಂಡುಹೂವಿನ ದೊಡ್ಡ ಕುಂಡವನ್ನು ತಳ್ಳಿಕೊಂಡು ಹೋಗಿ ಅದಕ್ಕೆ ಅಡ್ಡ ಇಟ್ಟೆ.

ಸಂಜೆ ನಿಮ್ಮ ಅಪ್ಪ ಕುಂಡ ಸರಿಸಿದರು. “ಅತ್ತೆ, ಅದು ಕಾಣ್ಬೇಕು ಮಾರಾಯ್ರೆ. ಅದನ್ನು ಮುಚ್ಚಿದ್ರೆ ಅದಕ್ಕೆ ಇನ್ನೊಂದು ಬೋರ್ಡು ಹಾಕ್ತಾರೆ.”

ಸಮಿತಿಯ ದಿನ ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಆದರೆ ಯಾರಿಗಾಗಿ ಮನೆಯೋ ಅವರು ಕಣ್ಣಿಗೆ ಬಿದ್ದರೆ ಒಳ್ಳೆಯದು ಎಂದು ನಿಮ್ಮ ಅಪ್ಪ ಕರೆದುಕೊಂಡು ಹೋದರು. ದೊಡ್ಡ ಸಭಾಂಗಣ. ಬಾಗಿದ ಮೇಜಿನ ಹಿಂದೆ ಸಮಿತಿಯವರು. ನಮಗಿಂತ ಮೊದಲು ಬಂದವರಲ್ಲಿ ಒಬ್ಬರದು ಜಗಲಿ, ಒಬ್ಬರದು ಬೇಲಿ, ಒಬ್ಬರದು ಎರಡನೆಯ ಕಾರಿಗೆ ಜಾಗ. ಎಲ್ಲರೂ ಮೈಕಿನ ಮುಂದೆ ನಿಂತು ತಮ್ಮ ಹಿತ್ತಲಿನ ಮಾತು ಹೇಳಿಕೊಳ್ಳುತ್ತಿದ್ದರು. ಅದನ್ನು ನೋಡಿ ನನ್ನ ನಾಚಿಕೆ ಸ್ವಲ್ಪ ಇಳಿಯಿತು.

ನಮ್ಮ ಸರದಿ ಬಂದಾಗ ಪರದೆಯ ಮೇಲೆ ನಮ್ಮ ಸೈಟು ಮೂಡಿತು, ಹದ್ದು ಮೇಲಿನಿಂದ ನೋಡಿದ ಹಾಗೆ. ದೊಡ್ಡ ಮನೆಗೆ ದಪ್ಪ ಗೆರೆ, ನನ್ನ ಕೋಣೆಗೆ ಚುಕ್ಕಿ ಗೆರೆ. ಬೇಲಿಯಿಂದ ಸ್ವಲ್ಪ ಕಡಿಮೆ ಜಾಗ ಬಿಟ್ಟಿದ್ದೇವೆ, ಕಾರಿನ ಜಾಗ ಒಂದು ಕಡಿಮೆ, ಇವೆರಡನ್ನು ಮನ್ನಿಸಿ ಎರಡನೆಯ ಮನೆಗೆ ಒಪ್ಪಿಗೆ ಕೊಡಬೇಕು ಎಂದು ನಿಮ್ಮ ಅಪ್ಪ ಚೆನ್ನಾಗಿಯೇ ಹೇಳಿದರು. ಹಿಂದಿನ ಬೇಲಿಯ ಆಚೆಯ ಮನೆಯವರು ಎದ್ದು ಆಕ್ಷೇಪಣೆ ಹೇಳಿದರು. ವಯಸ್ಸಾದವರು, ನನ್ನ ಕಡೆ ನೋಡಿ ತಲೆಬಾಗಿಸಿಯೇ ಮಾತಾಡಿದರು: ಈ ತಾಯಿಯ ಬಗ್ಗೆ ನನ್ನದೇನೂ ಇಲ್ಲ, ಆದರೆ ಇವತ್ತು ತಾಯಿ, ನಾಳೆ ಮನೆ ಮಾರಿದರೆ ಬಾಡಿಗೆಯವರು. ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಮ್ಮೂರಿನಲ್ಲಿಯೂ ಯಾರಾದರೂ ಹಾಗೆಯೇ ಅನ್ನುತ್ತಿದ್ದರು.

ಆಮೇಲೆ ಸಮಿತಿಯಲ್ಲಿದ್ದ ಒಬ್ಬ ಹೆಂಗಸು ನಿಮ್ಮ ಅವ್ವನನ್ನು ಮೈಕಿಗೆ ಕರೆದರು. ಆಕೆಯ ತಲೆಯೂ ನನ್ನ ಹಾಗೆ ಬೆಳ್ಳಗಿತ್ತು. ನಮಗೆ ನೆರವಾಗಲೆಂದೇ ಕೇಳಿದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ನಿಮ್ಮ ತಾಯಿಯದು ಬೇರೆ ಸಂಸಾರವೇ? ಅವರು ತಮ್ಮ ಊಟ ತಾವೇ ಮಾಡಿಕೊಳ್ಳುತ್ತಾರಲ್ಲವೇ, ನಿಮ್ಮ ಜೊತೆ ಉಣ್ಣುವುದಿಲ್ಲವಲ್ಲವೇ? ಹೌದು ಎಂದರೆ ಎರಡನೆಯ ಅಡುಗೆಮನೆ ಯಾಕೆ ಬೇಕು ಎಂಬುದಕ್ಕೆ ಕಾರಣ ಸಿಗುತ್ತಿತ್ತು. ಈ ಪ್ರಶ್ನೆ ಬರುತ್ತದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಹಿಂದಿನ ದಿನ ನಿಮ್ಮ ಅಪ್ಪ ಅವಳಿಗೆ ಪಾಠ ಹೇಳಿಕೊಟ್ಟಿದ್ದರು: “ಯೆಸ್, ಸೆಪರೇಟ್ ಹೌಸ್‌ಹೋಲ್ಡ್. ಅಷ್ಟೇ ಹೇಳು, ಕೂತ್ಕೋ.”

ಇದು ಸುಳ್ಳೂ ಆಗಿರಲಿಲ್ಲ. ಪೂರ್ತಿ ನಿಜ.

ನಿಮ್ಮ ಅವ್ವ ಮೈಕು ಹಿಡಿದು ನಿಂತಳು. ನಿಮ್ಮ ಅಪ್ಪ ಹಿಂದಿನಿಂದ ತಲೆಯಾಡಿಸಿ ಹೇಳು ಹೇಳು ಎಂದರು. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಆ ಚೀಲದಲ್ಲಿ ಅವತ್ತಿನ ನನ್ನ ಬುತ್ತಿಯಿತ್ತು.

“ನೋ,” ಎಂದಳು. “ಶೀ ಈಸ್ ಮೈ ಮದರ್. ಶೀ ಈಟ್ಸ್ ವಿತ್ ಅಸ್.”

ನಿಮ್ಮ ಮಾತು ಕೇಳಿ ಕೇಳಿ ಅಷ್ಟು ಇಂಗ್ಲಿಷು ನನಗೆ ಬಂದಿತ್ತು.

ಹಾಗಾದರೆ ಎರಡನೆಯ ಒಲೆ ಯಾಕೆ ಎಂದು ಆ ಹೆಂಗಸು ಮೆತ್ತಗೆ ಕೇಳಿದರು. ನಿಮ್ಮ ಅವ್ವ ಮೈಕು ಬಿಟ್ಟು ಬಂದು ಕೂತಳು. ಸಮಿತಿಯವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. ಕೋಣೆ ಇರಲಿ, ಬೇಲಿಯ ದೂರವನ್ನು ಮನ್ನಿಸೋಣ. ಎರಡನೆಯ ಮನೆಗೆ ಒಪ್ಪಿಗೆ ಇಲ್ಲ. ಒಲೆ ಇಡುವಂತಿಲ್ಲ. ಅಷ್ಟರಲ್ಲಿ ಮುಂದಿನವರ ಸೈಟು ಪರದೆಯ ಮೇಲೆ ಬಂತು.

ಕಾರಿನಲ್ಲಿ ಮನೆಗೆ ಹೊರಟೆವು. ಕ್ರೆಡಿಟ್ ನದಿಯ ಸೇತುವೆಯ ಹತ್ತಿರ ನಿಮ್ಮ ಅಪ್ಪನಿಗೆ ತಡೆಯಲಾಗಲಿಲ್ಲ.

“ಅಲ್ಲ, ಒಂದು ಯೆಸ್ ಹೇಳ್ಲಿಕ್ಕೆ ನಿಂಗೆ ಎಂತ ಆಯ್ತು?”

“ಆಗಲಿಲ್ಲ.”

“ನಿನ್ನೆ ಹೇಳಿದ್ದಿ ಅಲ್ವಾ, ಕನ್ನಡಿ ಮುಂದೆ?”

“ಕನ್ನಡಿ ಮುಂದ ಹೇಳಿದ್ನಿ. ಅಷ್ಟು ಮಂದಿ ಮುಂದ, ಮೈಕಿನ್ಯಾಗ, ನಮ್ಮವ್ವ ನಮ್ಮನ್ಯಾಗ ಉಣ್ಣೂದಿಲ್ಲ ಅಂತ ಹೆಂಗ ಹೇಳ್ಲಿ? ನಂಗ ಆಗಲಿಲ್ಲ, ಅಷ್ಟ.”

ನಿಮ್ಮ ಅಪ್ಪ ಕಾರಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ವಿಷಯ ಮೀನಿನದಲ್ಲ ಎಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ಅವರು ಹೇಳಿದರು. “ಅತ್ತೆ, ನಮ್ಮ ಕಡೆ ಮನೆ ಅಂದ್ರೆ ಅಮ್ಮಂದು. ಹುಟ್ಟಿದ ಮನೆ ಹೆಣ್ಣುಮಕ್ಕಳದ್ದೇ. ನನ್ನ ಅಜ್ಜಿ ಸಾಯುವವರೆಗೆ ಮಗಳ ಕೈ ಅನ್ನವೇ ಉಂಡದ್ದು. ಅದರಲ್ಲಿ ಎಂತ ಉಂಟು ಅಂತ ನಂಗೆ ಗೊತ್ತಾಗುದಿಲ್ಲ.”

ನಾನು ಎಂದಿನಂತೆ ಬೇಸ್‌ಮೆಂಟಿಗೆ ಇಳಿದೆ. ಕೈಚೀಲದಿಂದ ಬುತ್ತಿ ತೆಗೆದೆ. ಬೆಳಿಗ್ಗೆ ಬಡಿದ ರೊಟ್ಟಿ, ಬಿಳಿ ಅರಿವೆಯಲ್ಲಿ ಸುತ್ತಿದ್ದು. ಗಂಟು ಬಿಚ್ಚಲು ಕೂತಾಗ ನನ್ನ ಅವ್ವನ ಕಟ್ಟೆ ನೆನಪಾಯಿತು. ಬಿಸಿ ರೊಟ್ಟಿ ಹಿಡಿದು ಅವಳ ಮುಂದೆ ನಿಂತಿದ್ದ ನಾನು ನೆನಪಾದೆ. ಅಷ್ಟು ವರ್ಷ ಆ ಚಿತ್ರದಲ್ಲಿ ನಾನು ಅವ್ವನನ್ನೇ ನೋಡುತ್ತಿದ್ದೆ. ಅವತ್ತು ಮೊದಲ ಸಲ, ರೊಟ್ಟಿ ಹಿಡಿದು ನಿಂತವಳು ಕಂಡಳು. ಮೈಕು ಹಿಡಿದು ನಿಂತ ಮಗಳ ಮುಖವೂ ಹಾಗೆಯೇ ಇತ್ತು.

ಮೇಲೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ನಾನು ಗಂಟನ್ನು ಹಾಗೆಯೇ ಬಿಟ್ಟು ಮೆಟ್ಟಿಲು ಹತ್ತಿದೆ. ಅಡುಗೆಮನೆಯ ಮೇಜಿನ ಹತ್ತಿರ ಒಂದು ಕುರ್ಚಿ ಎಳೆದು ಕೂತೆ.

ದೊಡ್ಡವಳು ಬಂದು, “ಅಜ್ಜಿ, ದಟ್ಸ್ ಮೈ ಚೇರ್,” ಎಂದಳು.

ಚಿಕ್ಕವನು ನನ್ನನ್ನು ನೋಡಿ, “ಈಸ್ ಅಜ್ಜಿ ಸಿಕ್?” ಎಂದು ಕೇಳಿದ. ನಾನು ಊಟದ ಹೊತ್ತಿಗೆ ಮೇಲೆ ಬಂದು ಕೂತದ್ದನ್ನು ಅವನು ಎಂದೂ ಕಂಡಿರಲಿಲ್ಲ.

ನಿಮ್ಮ ಅವ್ವ ಸೌಟು ಹಿಡಿದು ನಿಂತಿದ್ದಳು. “ಏನಾತವ್ವಾ? ಕಾಲು ನೋಯ್ತೈತೇನು?”

“ಇಲ್ಲ. ಒಂದು ತಾಟು ಕೊಡು.”

ಅವಳು ಅಲುಗಲಿಲ್ಲ.

“ಅಷ್ಟು ಮಂದಿ ಮುಂದ ಹೇಳಿ ಬಂದೀಯಲ್ಲ,” ಎಂದೆ. “ನೀ ಹೇಳಿದ್ದು ಸುಳ್ಳಾಗಬಾರದು. ಹಾಕು.”

ಅವಳು ತಾಟು ಇಟ್ಟಳು. ಅನ್ನ ಹಾಕಿದಳು, ಸಾರು ಹಾಕಿದಳು, ಮತ್ತೆ ಅನ್ನ ಹಾಕಿದಳು. ತಾಟಿನಲ್ಲಿ ಗುಡ್ಡೆಯಾಯಿತು.

“ಸ್ವಲ್ಪ ಕಡಿಮೆ ಹಾಕು,” ಎಂದರು ನಿಮ್ಮ ಅಪ್ಪ. “ಅಷ್ಟು ವರ್ಷದ್ದು ಒಟ್ಟಿಗೆ ಬೇಡ.”

ಅವಳು ನಕ್ಕು ಸೌಟು ಕೆಳಗಿಟ್ಟು, ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಏನೂ ಇರಲಿಲ್ಲ. ನಾನು ಮೊದಲ ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅವಳ ಕೈಯ ಸಾರಿಗೆ ಉಪ್ಪು ಕಡಿಮೆ ಎಂಬುದು ಕೂಡ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಪೂರ್ತಿ ಉಂಡೆ.

ಮುಂದೆ ನಗರಸಭೆಯಿಂದ ಒಬ್ಬರು ಬಂದು ಪೈಪಿಗೆ ಮುಚ್ಚಳ ಬಿಗಿದದ್ದನ್ನು ನೋಡಿ ಹೋದರು. ನಾನು ಮೂರು ಇಟ್ಟಿಗೆಗಳನ್ನು ತೆಗೆದು ಚೆಂಡುಹೂವಿನ ಮಡಿಗೆ ಅಂಚು ಕಟ್ಟಿದೆ. ಗೋಡೆಯ ಮಸಿಗೆ ಬಣ್ಣ ಹೊಡೆದರು. ನನ್ನ ಹಾಸಿಗೆ ಹಿತ್ತಲ ಕೋಣೆಗೆ ಬಂತು, ನನ್ನ ರೊಟ್ಟಿಯ ಹಂಚು ನಿಮ್ಮ ಅಡುಗೆಮನೆಗೆ ಹೋಯಿತು. ಮೀನು ಅಡುಗೆಮನೆಯಿಂದ ಹೊರಬಿದ್ದು ಹಿತ್ತಲಿನ ಬಾರ್ಬೆಕ್ಯೂಗೆ ಬಂತು. ಹೀಗಾಗಿ ಈಗ ಅದರ ವಾಸನೆ ನೇರ ನನ್ನ ಕಿಟಕಿಗೇ ಬರುತ್ತದೆ. ನಿಮ್ಮ ಅಪ್ಪನಿಗೆ ಇದು ಬಹಳ ತಮಾಷೆ.

ನನ್ನ ತಮ್ಮನಿಗೆ ಸುದ್ದಿ ಹೇಗೋ ಮುಟ್ಟಿತು. ಫೋನಿನಲ್ಲಿ ಕೇಳಿದ: “ಏನಕ್ಕಾ, ಮಗಳ ಮನ್ಯಾಗ ಉಣ್ಣಾಕತ್ತೀಯಂತ?”

“ಹೌದಪ್ಪ, ಉಣ್ಣಾಕತ್ತೀನಿ,” ಎಂದೆ. ಊರಲ್ಲಿ ಮಳೆ ಹೇಗಿದೆ ಎಂದು ಕೇಳಿದೆ. ಆ ಸಂಜೆ ನನಗೆ ಅಳು ಬಂತು. ನನ್ನ ಅವ್ವ ಹಾಕಿಕೊಟ್ಟ ನಡೆ ಅದು. ಬಿಟ್ಟದ್ದಕ್ಕೆ ಹಗುರವೆನಿಸಲಿಲ್ಲ. ಅವಳು ಒಂದೇ ಒಂದು ಸಲ ಒಳಗೆ ಬಂದು ಕೂತು ಉಂಡಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

2019ರಲ್ಲಿ ನಿಮ್ಮ ಅಪ್ಪ ಒಂದು ಸುದ್ದಿ ತಂದರು. ಕಾಯಿದೆ ಬದಲಾಗುತ್ತಿದೆಯಂತೆ, ಹಿತ್ತಲ ಮನೆಗಳಿಗೂ ಇನ್ನು ಮುಂದೆ ದಾರಿ ಸಿಗುತ್ತದಂತೆ. “ಮತ್ತೊಂದು ಸಲ ಹಾಕುವಾ, ಅತ್ತೆ? ಈ ಸಲ ಕೊಟ್ಟಾರು. ಪೈಪು ಹೇಗೂ ಉಂಟು.”

ನಿಮ್ಮ ಅವ್ವ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ, ಆದರೆ ಅವಳ ಕೈ ನಿಂತದ್ದು ನನಗೆ ಕಂಡಿತು.

“ಬ್ಯಾಡ,” ಎಂದೆ. “ಮುಚ್ಚಿದ್ದು ಮುಚ್ಚೇ ಇರ್ಲಿ.”

ಅವಳ ಕೈ ಮತ್ತೆ ಆಡತೊಡಗಿತು. ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕು ಎಂದು ನಾನು ಹೇಳಿದೆ, ಅವಳು ಹಾಕಿದಳು.